ಎರಡನೇ ಭಾಗದ ಹೆಣ

ಸತ್ತ ಮೇಲೂ ಬೀರೇಶನ ಮೂಗು ತುರಿಸುತ್ತಿತ್ತು. ಎರಡೂ ಹೊಳ್ಳೆಗೆ ಹತ್ತಿ, ಹಣೆಗೆ ಒಂದು ರೂಪಾಯಿ ನಾಣ್ಯ, ಕೊರಳಿಗೆ ಚೆಂಡುಹೂವಿನ ಹಾರ. ತಲೆಯ ಬಳಿ ಊದುಬತ್ತಿ ಹೊಗೆಯಾಡುತ್ತಿತ್ತು.

"ಅಲ್ಲಾಡ್ಬೇಡ ಕಣೋ," ಎಂದು ಕ್ಯಾಮೆರಾದ ಹಿಂದಿನಿಂದ ಕೆಂಪರಾಜು ಪಿಸುಗುಟ್ಟಿದ. "ಒಂದೇ ಟೇಕು. ಯಾರು ಏನಂದ್ರೂ, ನಾನು ಕಟ್ ಅನ್ನೋವರ್ಗೂ ಕಣ್ಣು ಬಿಡಂಗಿಲ್ಲ."

ಬೀರೇಶನಿಗೆ ತನ್ನ ಬಗ್ಗೆ ಹೆಚ್ಚಿನ ಭ್ರಮೆಗಳಿರಲಿಲ್ಲ. ಸುಮ್ಮನೆ ಬಿದ್ದುಕೊಂಡಿರುವುದರಲ್ಲಿ ಅವನಷ್ಟು ಅನುಭವ ದೊಡ್ಡಬೆಳವಂಗಲದಲ್ಲಿ ಇನ್ನೊಬ್ಬರಿಗಿರಲಿಲ್ಲ. ಹೆಣದ ಪಾತ್ರಕ್ಕೆ ಅವನು ಹುಟ್ಟಿದಾಗಿನಿಂದ ತಾಲೀಮು ನಡೆಸಿದ್ದ.

ಮೊದಲ ಭಾಗ ಮೂವರು ಸೋಮಾರಿ ಗೆಳೆಯರ ಹಾಸ್ಯಚಿತ್ರ. ಬೀರೇಶ್, ಕೆಂಪರಾಜು, ಮಂಜೇಶ್ ಸೇರಿ ತೆಗೆದು ಯೂಟ್ಯೂಬಿಗೆ ಹಾಕಿದ್ದರು. ಕೊನೆಯಲ್ಲಿ ಮೂವರೂ ಒಂದೇ ಬೈಕಿನಲ್ಲಿ ಕೆರೆಗೆ ಬಿದ್ದು ಸಾಯುತ್ತಾರೆ. ಎರಡನೇ ಭಾಗವನ್ನು ಯಾರೂ ಕೇಳುವುದಿಲ್ಲವೆಂಬ ಖಾತ್ರಿ ನಿರ್ದೇಶಕ ಕೆಂಪರಾಜುವಿಗಿತ್ತು. ಯಾರೂ ಕೇಳಲಿಲ್ಲ. ನೋಡಿದವರು ನೂರ ಚಿಲ್ಲರೆ ಮಂದಿ; ಅದರಲ್ಲಿ ಅರ್ಧ ಬೀರೇಶನೇ. ಕೆಂಪರಾಜು ಸಿನಿಮಾಕ್ಕೆ ಕೈಮುಗಿದು ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ. ಮಂಜೇಶ್ ನೆಲಮಂಗಲದ ಗೋದಾಮು ಸೇರಿದ. ಬೀರೇಶ್ ಹಾಸಿಗೆ ಸೇರಿದ.

ಹೀಗಿರುವಾಗ ಮೊನ್ನೆ ಕೆಂಪರಾಜು ತಾನಾಗಿಯೇ ಮನೆಗೆ ಬಂದ.

"ಗುರು, ಪಾರ್ಟ್ ಟೂ ಮಾಡೋಣ. ಮೂರು ಜನಾನೂ ಯಮಲೋಕಕ್ಕೆ ಹೋಗ್ತಾರೆ. ಅಲ್ಲೂ ಕ್ಯೂ. ಟೋಕನ್ ತಗೊಂಡು ನಿದ್ದೆ ಹೊಡೀತಾರೆ. ಸ್ವರ್ಗಕ್ಕೆ ಹೆಸರು ಕೂಗ್ದಾಗ ಒಬ್ಬನೂ ಎದ್ದಿರಲ್ಲ."

"ನರಕಕ್ಕಾದ್ರೂ ಹೋಗ್ಬಹುದಲ್ಲ?"

"ಅದು ಊಟದ ಹೊತ್ತು. ಕೌಂಟರ್ ಕ್ಲೋಸು."

"ಮೊದಲ್ನೇ ಸೀನು?"

"ನಿನ್ನ ಹೆಣ."

"ಸತ್ತಿದ್ದು ಮೂರು ಜನ ಅಲ್ವೇನೋ? ನಿಮ್ಮಿಬ್ರದು ಎಲ್ಲಿ?"

"ಹೀರೋದು ಒಂದಿದ್ರೆ ಸಾಕು ಬಿಡು."

ಆಮೇಲೆ ಬೀರೇಶ್ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಅಪ್ಪ ಆದಿನಾರಾಯಣಪ್ಪ ಒಂದು ಷರತ್ತು ಹಾಕಿದ್ದರು. ಇದೊಂದೇ ಕೊನೆ, ಇದನ್ನೂ ಜನ ಮೆಚ್ಚದಿದ್ದರೆ ಸೋಮವಾರದಿಂದ ಡೈರಿಯಲ್ಲಿ ಹಾಲಿನ ಕ್ಯಾನು ಎತ್ತಬೇಕು. ಬೀರೇಶನಿಗೆ ಕ್ಯಾನಿನ ಭಯವಿತ್ತು. ಭಯಕ್ಕಿಂತ ದೊಡ್ಡದಾಗಿ ಒಂದು ಆಸೆಯೂ ಇತ್ತು: ಒಂದು ಕೆಲಸವನ್ನಾದರೂ ಇವನು ಚೆನ್ನಾಗಿ ಮಾಡಿದ ಎಂದು ಮನೆಯಲ್ಲಿ ಯಾರಾದರೂ ಒಮ್ಮೆ ಅನ್ನಬೇಕು.

ಅಚ್ಚರಿ ಹುಟ್ಟಿಸಿದ್ದು ಅಮ್ಮ. ಮೊದಲ ಚಿತ್ರದ ವೇಳೆ ಶೂಟಿಂಗ್ ಎಂಬ ಮಾತು ಕಿವಿಗೆ ಬಿದ್ದರೆ ಪೊರಕೆ ಹಿಡಿಯುತ್ತಿದ್ದ ಅಕ್ಕಯಮ್ಮ, ಈ ಸಲ ತಾನೇ ಜಗಲಿ ಒರೆಸಿ ಚಾಪೆ ಹಾಸಿದ್ದಳು. ಹತ್ತಿಯನ್ನೂ ತಾನೇ ಉಂಡೆ ಮಾಡಿಟ್ಟಳು. ಕಲಾವಿದರ ತಾಯಂದಿರು ಕೊನೆಗೆ ಹೀಗೇ ಕರಗುತ್ತಾರೆ ಎಂದು ಬೀರೇಶ್ ಅಂದುಕೊಂಡ.

ಬೀದಿಯಲ್ಲಿ ಆಟೊ ನಿಂತ ಸದ್ದು. ಯಾರೋ ಓಡಿ ಬಂದರು.

"ಅಯ್ಯೋ ನನ್ನಪ್ಪಾ! ನನ್ ಕಂದಾ! ಹೋಗ್ಬಿಟ್ಯೇನೋ!"

ಜಡಿಗೇನಹಳ್ಳಿಯ ಸೋದರತ್ತೆ ಮುನಿವೆಂಕಟಮ್ಮನ ದನಿ. ಮರುಕ್ಷಣವೇ ಅವಳ ಪೂರ್ತಿ ಭಾರ ಅವನ ಎದೆಯ ಮೇಲೆ ಬಿತ್ತು. ಅತ್ತೆಗೂ ಪಾತ್ರವಿದೆಯೆಂದು ಕೆಂಪರಾಜು ಹೇಳಿರಲಿಲ್ಲ.

ಸತ್ತವರ ಗುಣ ಹೇಳಿಕೊಂಡು ಅಳುವುದರಲ್ಲಿ ಮುನಿವೆಂಕಟಮ್ಮ ಹೆಸರಾದವಳು. ಬೀರೇಶನ ಗುಣ ಹುಡುಕಲು ಅವಳಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಯಾರ ತಂಟೆಗೂ ಹೋಗ್ತಿರ್ಲಿಲ್ವಲ್ಲಪ್ಪಾ! ಎದ್ರೆ ತಾನೇ ಹೋಗೋಕೆ! ಎಷ್ಟು ಮುದ್ದೆ ಇಕ್ಕಿದ್ರೂ ಬೇಡ ಅಂದೋನಲ್ವಲ್ಲೋ! ಒಂದು ಕಡ್ಡೀನೂ ಎತ್ತಿಟ್ಟೋನಲ್ಲ, ನಿನ್ನ ಈಗ ಯಾರ ಕೈಲಿ ಎತ್ತಿಸ್ಲೋ!"

ಬೀರೇಶ್ ನಾಲಿಗೆ ಕಚ್ಚಿ ನಗು ತಡೆದ. ಮಾತು ಬರೆದುಕೊಟ್ಟವನು ತನ್ನನ್ನು ಚೆನ್ನಾಗಿ ಬಲ್ಲವನೇ. ಅಷ್ಟರಲ್ಲಿ ಅವಳ ಕಣ್ಣೀರು ಕೆನ್ನೆಯ ಮೇಲೆ ತೊಟ್ಟಿಕ್ಕಿತು. ಬೆಚ್ಚಗಿತ್ತು. ಗ್ಲಿಸರಿನ್ ಹಚ್ಚಿಕೊಂಡವರು ಹೀಗೆ ಉಸಿರು ಸಿಕ್ಕಿಕೊಂಡು ಬಿಕ್ಕುವುದಿಲ್ಲ. ಆದರೂ ಬೀರೇಶ್ ಕದಲಲಿಲ್ಲ. ಹಿಡಿದ ಕೆಲಸವನ್ನು ಅವನು ಮಧ್ಯದಲ್ಲಿ ಬಿಡದೇ ಇದ್ದದ್ದು ಅದೇ ಮೊದಲು.

"ಇಷ್ಟು ಸಾಕಾ, ದೊಡ್ಡಮ್ಮ?" ಕೆಂಪರಾಜು ಅಕ್ಕಯಮ್ಮನನ್ನು ಕೇಳಿದ.

"ಸಾಕು ಕಣಪ್ಪ."

"ಕಟ್!"

ಬೀರೇಶ್ ಎದ್ದು ಕೂತ. ಮುನಿವೆಂಕಟಮ್ಮ ಕಿಟಾರನೆ ಕಿರುಚಿ ಹಿಂದಕ್ಕೆ ಸರಿದಳು. ಆಮೇಲೆ ಮುಂದೆ ಬಂದು ಕೆನ್ನೆಗೆ ಬಾರಿಸಿದಳು. ಅದೇ ಕೆನ್ನೆ ಹಿಡಿದು ಮತ್ತೆ ಅತ್ತಳು.

"ಬದ್ಕಿದೀಯೇನೋ ಬೇವರ್ಸಿ! ಬೆಳಿಗ್ಗೆ ಫೋನು ಮಾಡಿ ಹೋಗ್ಬಿಟ್ಟ ಅಂದ್ರಲ್ಲೋ!"

ಬೀರೇಶನಿಗೆ ಈಗ ಎಲ್ಲ ತಿಳಿಯಿತು. ನಿಜವಾದ ಅಳು ಬೇಕೆಂದು ಕೆಂಪರಾಜು ಅತ್ತೆಗೆ ಸುಳ್ಳು ಸುದ್ದಿ ಮುಟ್ಟಿಸಿದ್ದ. ಮಾಡಬಾರದ ಕೆಲಸವೇ. ಆದರೆ ಎಂಥ ನಿರ್ದೇಶಕ!

"ತೋರ್ಸೋ ಗುರು, ಹೆಂಗ್ ಬಂದಿದೆ ನೋಡೋಣ," ಎಂದು ಅವನು ಕ್ಯಾಮೆರಾದತ್ತ ಓಡಿದ.

ಕೆಂಪರಾಜು ನೆಲ ನೋಡುತ್ತ ನಿಂತ. ಕ್ಯಾಮೆರಾದ ಪರದೆ ಕಪ್ಪಗಿತ್ತು. ಬೀರೇಶ್ ಮುಚ್ಚಳ ತೆರೆದ. ಮೆಮರಿ ಕಾರ್ಡು ಇರಬೇಕಾದ ಜಾಗ ಖಾಲಿ.

"ಲೇ, ಕಾರ್ಡೇ ಹಾಕಿಲ್ವಲ್ಲೋ! ಅತ್ತೆ ಇನ್ನೊಂದ್ಸಲ ಹಿಂಗೆ ಅಳ್ತಾಳಾ? ಇಷ್ಟು ಹೊತ್ತು ನಾನು ಮಾಡಿದ್ದೆಲ್ಲ ಹೋಯ್ತಾ?"

ಅವನು ಅಂಗೈಯಿಂದ ಕೆನ್ನೆ ಒರೆಸಿಕೊಳ್ಳಲು ಹೋದ. ಅಕ್ಕಯಮ್ಮ ಓಡಿಬಂದು ಆ ಕೈ ಹಿಡಿದಳು.

"ಒರೆಸ್ಬೇಡ, ನಿಮ್ಮತ್ತೆ ಕಣ್ಣೀರು ಅಲ್ಲೇ ಆರ್ಲಿ. ಚೆನ್ನಾಗೇ ಮಾಡ್ದೆ ಕಣಪ್ಪ ನೀನು," ಎಂದಳು. "ಸಿನಿಮಾನೂ ಇಲ್ಲ, ಗಿನಿಮಾನೂ ಇಲ್ಲ, ಹೋದ ವಾರ ಬಿಸಿಲೇರಿದ್ರೂ ಮಾಳಿಗೆ ಮೇಲೆ ಬಿದ್ಕೊಂಡಿದ್ದಾಗ ಕಾಗೆ ಬಂದು ನಿನ್ನ ತಲೆ ಕುಕ್ಕಿ ಹೋಯ್ತು, ನಿಂಗೆ ಎಚ್ಚರಾನೂ ಆಗ್ಲಿಲ್ಲ. ಸತ್ತ ಅಂತ ಸುದ್ದಿ ಕಳ್ಸಿ ನೆಂಟರ ಕೈಲಿ ಅಳಿಸ್ದೇ ಆ ಕಾಗೆ ದೋಷ ಹೋಗಲ್ಲ ಅಂತ ನಿಜ ಹೇಳಿದ್ರೆ, ನೀನು ಮಲ್ಕೊಳೋಕೆ ಒಪ್ತಿದ್ಯಾ?"