ಬಾಯಿ ಬಿಡದ ಅಧಿಕಾರಿ

"ಅಕ್ಕಾ, ಈ ಮನುಷ್ಯ ಬಾಯಿ ಬಿಡ್ತಿಲ್ಲ ಅಂದ್ರೆ ಏನೋ ಕೇಳೋಕೆ ಹೊಂಚು ಹಾಕ್ತಿದ್ದಾರೆ ಅಂತಲೇ ಅರ್ಥ," ಎಂದು ಕಪಾಟಿನ ಮರೆಯಲ್ಲಿ ತಮ್ಮ ಪಿಸುಗುಟ್ಟಿದ.

"ಮೊದ್ಲು ನೀನು ಬಾಯಿ ಮುಚ್ಚು," ಎಂದಳು ಅಕ್ಕ.

ತೊದಲುವವರಿಗೆ ಉಚಿತವಾಗಿ ತರಬೇತಿ ಕೊಡುವ ಸಂಸ್ಥೆ ಅವಳದು. ನಡೆಯುತ್ತಿದ್ದುದು ಸರ್ಕಾರದ ಅನುದಾನದಿಂದ. ಅದರ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ತಪಾಸಣೆಗೆ ಬಂದಿರುವ ಈ ಅಧಿಕಾರಿ ಬೇಡ ಎಂದರೆ ಬಾಗಿಲಿಗೆ ಬೀಗ.

ಬಂದವರು ನಮಸ್ಕಾರವನ್ನೂ ಹೇಳಿರಲಿಲ್ಲ. ಗುರುತಿನ ಚೀಟಿ ತೋರಿಸಿ ತಲೆಯಾಡಿಸಿದರು, ಅಷ್ಟೇ. ಗೋಡೆಯ ಫಲಕದ ಮುಂದೆ ಮಾತ್ರ ಬಹಳ ಹೊತ್ತು ನಿಂತರು. 'ಇನ್ನೊಬ್ಬರ ಮಾತನ್ನು ನೀವು ಮುಗಿಸಬೇಡಿ. ಕಾಯಿರಿ.' ಸಂಸ್ಥೆಯ ಮೊದಲ ನಿಯಮ, ಅಕ್ಕನೇ ಬರೆದದ್ದು.

ಅವರು ಬಾಯಿ ತೆರೆಯುವುದೇ ತಡ, ಅಕ್ಕ ತಮ್ಮ ಇಬ್ಬರೂ ಮುಗಿಬೀಳುತ್ತಿದ್ದರು.

"ಹಾಜರಿ ಪುಸ್ತಕ ಅಲ್ವಾ ಸರ್? ತಗೊಳ್ಳಿ!"

"ತರಗತಿ ನೋಡ್ಬೇಕಾ ಸರ್? ಬನ್ನಿ, ಬನ್ನಿ!"

ಪ್ರತಿ ಸಲವೂ ಅಧಿಕಾರಿ ಬಾಯಿ ಮುಚ್ಚಿ, ಜೇಬಿನ ಪುಸ್ತಕದಲ್ಲಿ ಒಂದು ಗೀಟು ಎಳೆದರು.

"ನಮ್ಮ ತಪ್ಪು ಲೆಕ್ಕ ಹಾಕ್ತಿದ್ದಾರೆ ಅಕ್ಕಾ," ಎಂದ ತಮ್ಮ.

ತರಗತಿಯಲ್ಲಿ ಒಬ್ಬ ದರ್ಜಿ ತನ್ನ ಹೆಸರು ಹೇಳಲು ಅರ್ಧ ನಿಮಿಷ ತೆಗೆದುಕೊಂಡ. ಯಾರೂ ಅವಸರಿಸಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೊರಗಿನ ಮೇಜಿನಿಂದ ಒಂದು ಕಾಗದ ಎತ್ತಿಕೊಂಡು, ಮೂಲೆಯಲ್ಲಿ ಕೂತು ಬರೆದರು.

ಕೊನೆಗೆ ಅಕ್ಕನ ಕೋಣೆಗೆ ಬಂದರು. ತಮ್ಮನಿಗೆ ಹೊರಗಿರುವಂತೆ ಕೈಸನ್ನೆ ಮಾಡಿ ಬಾಗಿಲು ಹಾಕಿದರು. ಶಿಫಾರಸು ಪತ್ರವನ್ನು ಮೇಜಿನ ಮೇಲಿಟ್ಟರು: ಅನುದಾನ ಇನ್ನೂ ಮೂರು ವರ್ಷ ಮುಂದುವರಿಸಬಹುದು. ಸಹಿ, ಮೊಹರು, ಎಲ್ಲವೂ ಇತ್ತು.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಇನ್ನೊಂದು ಮಡಿಸಿದ ಕಾಗದ ಅವಳತ್ತ ಸರಿಯಿತು. ಅಧಿಕಾರಿ ಏನೋ ಹೇಳಲು ಬಾಯಿ ತೆರೆದರು.

"ಗೊತ್ತಾಯ್ತು ಬಿಡಿ ಸರ್!" ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. "ಇದಕ್ಕೆ ಎಷ್ಟು ಕೊಡ್ಬೇಕು ಅಂತ ತಾನೇ? ಬಿಡಿಗಾಸೂ ಕೊಡಲ್ಲ!"

ಅಧಿಕಾರಿ ಅವಳನ್ನೇ ನೋಡಿದರು. ಕಾಗದವನ್ನು ಹಿಂದಕ್ಕೆಳೆದುಕೊಂಡು, ಏನನ್ನೋ ಹೊಡೆದುಹಾಕಿ ತಿದ್ದಿ, ಮತ್ತೆ ಮುಂದೆ ತಳ್ಳಿದರು. ದರ ಬೇರೆ ಏರಿಸಿದರಲ್ಲ ಎಂದು ಹಲ್ಲು ಕಡಿಯುತ್ತಾ ಅಕ್ಕ ಅದನ್ನು ಬಿಡಿಸಿದಳು.

ಅದು ಅವಳ ಸಂಸ್ಥೆಯದೇ ಪ್ರವೇಶ ಅರ್ಜಿ. ಅರ್ಜಿದಾರರ ಜಾಗದಲ್ಲಿ ಅಧಿಕಾರಿಯ ಹೆಸರು. 'ನಿಮ್ಮ ಮಾತು ಯಾವಾಗ ಹೆಚ್ಚು ತಡೆಯುತ್ತದೆ?' ಎಂಬ ಪ್ರಶ್ನೆಗೆ ಉತ್ತರ ಹೀಗಿತ್ತು: 'ನಾನು ಹೇಳಬೇಕಾದ್ದನ್ನು ಎದುರಿನವರೇ ಹೇಳಿ ಮುಗಿಸಿದಾಗ. ಇವತ್ತು ಇಲ್ಲೇ ಹದಿನಾರು ಸಲ.' ಹದಿನಾರನ್ನು ಹೊಡೆದುಹಾಕಿ, ಮೇಲೆ ಹದಿನೇಳು ಎಂದು ತಿದ್ದಿದ್ದರು.