ಹನ್ನೊಂದು ವರ್ಷದ ತಂತಿ

ಗಿಟಾರಿನ ನಾಲ್ಕು ತಂತಿಗಳೂ ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿರುವುದನ್ನು ಕಂಡು ಸಿದ್ದೇಶ ಹೌಹಾರಿದ.

"ತಾಜಮ್ಮ, ಏನ್ ಮಾಡ್ಬುಟ್ರಿ ಇದ್ನ?"

"ತಂತಿ ಬಿಚ್ಚಿ ಹುಣಸೆಹಣ್ಣಿನ ನೀರಲ್ಲಿ ಹಾಕಿ ಕುದಿಸ್ದೆ ಬೇಟಾ. ಏನ್ ಗಲೀಜು ಅಂತೀಯ! ನೀರೆಲ್ಲಾ ಕಾಫಿ ಆಗೋಯ್ತು," ಎಂದರು ತಾಜ್ ಬೀ. ನಾಗಮಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಅವರದು ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ. ತನ್ನ ಬಾಸ್ ಗಿಟಾರಿನ ಪಿಕಪ್ಪು, ಅಂದರೆ ತಂತಿಯ ಅದುರಾಟವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಸುರುಳಿ, ಕಡಿದುಹೋಗಿದೆ, ಸುತ್ತಿಕೊಡಿ ಎಂದು ಸಿದ್ದೇಶ ಕೊಟ್ಟು ಹೋಗಿದ್ದ. ಅವರು ಕೂದಲಿಗಿಂತ ತೆಳುವಾದ ತಂತಿಯನ್ನು ಏಳು ಸಾವಿರ ಸುತ್ತು, ಒಂದೂ ತಪ್ಪದ ಹಾಗೆ ಸುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕೊಳೆ ಹಿಡಿದ ಸಾಮಾನನ್ನು ಹಾಗೇ ಹೊರಗೆ ಕಳಿಸುವ ಪದ್ಧತಿ ಆ ಅಂಗಡಿಯಲ್ಲಿರಲಿಲ್ಲ.

"ತಂತಿ ಅಡೀಲಿ ಒಂದು ಸ್ಪಂಜಿತ್ತಲ್ಲ, ಅದೆಲ್ಲೋಯ್ತು?"

"ಅದಾ? ಇಲಿ ತಂದಿಟ್ಟದೆ ಅಂದ್ಕಂಡು ಬಿಸಾಕ್ದೆ."

ತಂತಿ ಹೆಚ್ಚು ಗುಂಯ್‌ಗುಡದಿರಲಿ ಎಂದು ಆ ಸ್ಪಂಜನ್ನು ಸಿದ್ದೇಶ ಹಳೆಯ ಸ್ಕೂಟರಿನ ಸೀಟಿನಿಂದ ಕತ್ತರಿಸಿ, ಮೂರು ದಿನ ದಪ್ಪ ಹೆಚ್ಚುಕಡಿಮೆ ಮಾಡಿ ನೋಡಿ ಸಿಕ್ಕಿಸಿದ್ದ. ತಂತಿಗಳನ್ನಂತೂ ಹನ್ನೊಂದು ವರ್ಷದಿಂದ ಬದಲಾಯಿಸುವುದಿರಲಿ, ಒರೆಸಿಯೂ ಇರಲಿಲ್ಲ. ಬೆವರು, ಧೂಳು, ಮದುವೆಮನೆಗಳ ಜಿಡ್ಡು ತಂತಿಯ ಸಂದುಗಳಿಗೆ ಇಳಿದಷ್ಟೂ ಕಿರಿಕಿರಿಯ ಮೇಲುಸ್ವರಗಳು ಅಡಗಿ, ಬುಡದ 'ದುಮ್' ಮಾತ್ರ ಉಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಮೂರು ತಿಂಗಳಿಗೊಮ್ಮೆ ತಂತಿ ಬದಲಿಸುವ ಬೇರೆ ವಾದಕರನ್ನು ಕಂಡರೆ ಅವನಿಗೆ, ಸಾರು ಕುದಿಯುವ ಮೊದಲೇ ಇಳಿಸಿಬಿಡುವವರನ್ನು ಕಂಡಷ್ಟೇ ಮರುಕ.

ಅವನು ಒಂದು ತಂತಿ ಮೀಟಿದ. 'ಟಣ್' ಎಂದಿತು.

"ಕೇಳು, ಕೇಳು! ಮಲಗಿದ್ದ ಕಾಯ್ಲೆಯೋನು ಎದ್ದು ಕೂತಂಗದೆ," ಎಂದು ತಾಜ್ ಬೀ ಹಿಗ್ಗಿದರು. ಸಿದ್ದೇಶ ಗಿಟಾರನ್ನು ಹೆಗಲಿಗೇರಿಸಿದ. ಹೊರಗೆ ಆರ್ಕೆಸ್ಟ್ರಾದ ವ್ಯಾನು ಆಗಲೇ ಹಾರನ್ ಹೊಡೆಯುತ್ತಿತ್ತು.

ಗಿಟಾರು ರಿಪೇರಿಯಲ್ಲಿದ್ದಾಗ ಎರಡು ಕಾರ್ಯಕ್ರಮಗಳು ಅವನಿಲ್ಲದೆ ನಡೆದುಹೋಗಿದ್ದವು. ಆಮೇಲೆ ಆರ್ಕೆಸ್ಟ್ರಾದ ಯಜಮಾನ ತಿಮ್ಮೇಶ ಮುಚ್ಚುಮರೆಯಿಲ್ಲದೆ ಹೇಳಿದ್ದ: "ನೀನಿಲ್ಲ ಅಂತ ಒಬ್ರೂ ಕೇಳ್ನಿಲ್ಲ ಕಣ್ಲಾ. ಕೀಬೋರ್ಡಿನ ಪೂಜ ಎಡಗೈಲೇ ಬಾಸ್ ಒತ್ಬುಡ್ತಾಳೆ. ಭಾನ್ವಾರ ಬೂಕನಕೆರೆ ಬೀಗರೂಟಕ್ಕೆ ಬಾ, ನೋಡವ. ನೀನಿದ್ರೂ ಒಂದೇ ಇಲ್ದಿದ್ರೂ ಒಂದೇ ಅನ್ನಿಸ್ತೋ, ಮುಂದ್ಕೆ ವ್ಯಾನಲ್ಲಿ ಒಂದು ಸೀಟು ಉಳೀತದೆ."

ಇವತ್ತೇ ಆ ಭಾನುವಾರ. ದಾರಿಯುದ್ದಕ್ಕೂ ಸಿದ್ದೇಶ ಹಿಂದಿನ ಸೀಟಿನಲ್ಲಿ ಕುಳಿತು ಬೆವರಿದ ಅಂಗೈಯಿಂದ ತಂತಿಗಳನ್ನು ನೀವುತ್ತಲೇ ಇದ್ದ. ಬೂಕನಕೆರೆಯಲ್ಲಿ ಇಳಿದವನೇ ಶಾಮಿಯಾನದ ಹಿಂದಿನ ಒಲೆಗಳತ್ತ ಹೋಗಿ, ಮಟನ್ ಸಾರಿನ ಮೇಲೆ ತೇಲುತ್ತಿದ್ದ ಕೊಬ್ಬಿಗೆ ಕರ್ಚೀಫಿನ ತುದಿ ಅದ್ದಿದ.

"ಲೇ, ನಿನ್ ಗಿಟಾರ್ಗೂ ಬಾಡು ಬೇಕೇನ್ಲಾ?" ಎಂದ ಅಡುಗೆಯವನು.

ಸಿದ್ದೇಶ ಅದನ್ನು ನಾಲ್ಕೂ ತಂತಿಗೆ ಸವರಿ ನೋಡಿದ. ಬೆರಳು ಜಾರಿತೇ ಹೊರತು ಸ್ವರ ಮಂಕಾಗಲಿಲ್ಲ. ಹನ್ನೊಂದು ವರ್ಷದ ಕೆಲಸ ಹತ್ತು ನಿಮಿಷದಲ್ಲಿ ಆಗುವಂಥದ್ದಲ್ಲ. ಜಿಡ್ಡನ್ನೆಲ್ಲ ಒರೆಸಿ, ವ್ಯಾನಿನ ಸೀಟು ಇವತ್ತಿಗೆ ಮುಗಿಯಿತು ಎಂದುಕೊಂಡು ವೇದಿಕೆ ಹತ್ತಿದ.

ಮೊದಲ ಹಾಡಿನ ಮೊದಲ ಸ್ವರವೇ ಎಲೆಗಳ ಸಾಲು ದಾಟಿ, ಕೈತೊಳೆಯುವ ಡ್ರಮ್ಮಿನ ತನಕ ಹೋಯಿತು. ಸಿದ್ದೇಶನೇ ಬೆಚ್ಚಿದ. ಎರಡನೇ ಹಾಡಿನಲ್ಲಿ ಒಂದು ಸ್ವರ ತಪ್ಪಿದ. ತಿಮ್ಮೇಶ ಮೈಕು ಹಿಡಿದುಕೊಂಡೇ ತಿರುಗಿ ನೋಡಿದ. ಸಿದ್ದೇಶನ ತಪ್ಪೊಂದಕ್ಕೆ ಅವನು ಹಾಗೆ ತಿರುಗಿದ್ದು ಇದೇ ಮೊದಲು. ಅಲ್ಲಿಂದ ಸಿದ್ದೇಶ ಪ್ರತಿ ಬೆರಳನ್ನೂ ಲೆಕ್ಕವಿಟ್ಟು ಇಳಿಸತೊಡಗಿದ. ಮೂರನೆಯದರಲ್ಲಿ, ಪಲ್ಲವಿ ಮುಗಿದು ಚರಣಕ್ಕೆ ಹೋಗುವ ಸಂದಿನಲ್ಲಿ ಅವನದೇ ಒಂದು ಪುಟ್ಟ ಕುಸುರಿ ಇತ್ತು. ಐದು ಸ್ವರ ಹತ್ತಿ, ಮೇಲೆ ಅರೆಗಳಿಗೆ ನಿಂತು, ಸುಯ್ಯೆಂದು ಜಾರಿ ಬರುವುದು. ಎಂದಿನಂತೆ ನುಡಿಸಿದ. ಒಂದೊಂದೂ ಬಿಡಿಬಿಡಿಯಾಗಿ, ಮಣಿ ಪೋಣಿಸಿದ ಹಾಗೆ ಹೊರಬಂತು. ಪೂಜ ಎಡಗೈಯನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಸಾರು ಬಡಿಸುತ್ತಿದ್ದವನೊಬ್ಬ ಬಕೆಟ್ಟು ಹಿಡಿದೇ ತಲೆದೂಗಿ, "ಇನ್ನೊಂದ್ ಕಿತ ಬರ್ಲಿ ಅದು!" ಎಂದು ಕೂಗಿದ.

ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಕಾರ್ಯಕ್ರಮ ಮುಗಿಯಿತು. ತಿಮ್ಮೇಶ ಬಂದು ಸಿದ್ದೇಶನ ಹೆಗಲಿಗೆ ಕೈ ಹಾಕಿದ.

"ಮುಂದಿನ ವಾರ ಕೆ.ಆರ್. ಪೇಟೆ. ಎಂಟ್ಗಂಟೆಗೆಲ್ಲಾ ರೆಡಿಯಾಗಿರು. ಅದ್ಸರಿ, ಮಧ್ಯದಲ್ಲಿ ಹತ್ತಿ ಹತ್ತಿ ಜಾರ್ಕಂಡು ಬಂದ್ಯಲ್ಲ, ಅದ್ನ ಯಾವಾಗ್ಲಾ ಕಲ್ತೆ?"

"ಯಾವಾಗ ಏನು, ಸುರುವಿನಿಂದ್ಲೂ ಅದ್ನೇ ನುಡಿಸ್ತಾ ಇವ್ನಿ. ಪ್ರತಿ ಸಲಾನೂ."

ತಿಮ್ಮೇಶ ಹೆಗಲ ಮೇಲಿನ ಕೈ ತೆಗೆದ.

"ಅಂಗಾರೆ ಇಷ್ಟ್ ವರ್ಸ ನಮ್ಮಿಂದ ಯಾಕ್ಲಾ ಬಚ್ಚಿಟ್ಕಂಡಿದ್ದೆ?"