ಮಿಕ್ಸರಿನವನು ಪಟ್ಟಿಯಲ್ಲಿಲ್ಲ

"ಗುಂಡಿ ತಿರುಗಿಸೋನೆಲ್ಲ ಸಂಗೀತಗಾರನಾ? ಹೋಗಯ್ಯಾ!" ತುಂಬಿದ ಸಭೆಯಲ್ಲಿ ಅಧ್ಯಕ್ಷರು ಮೈಕಿನಲ್ಲೇ ಗದರಿದರು. ಹಾಡನ್ನು ಕಳಚಿ ಮತ್ತೆ ಕಟ್ಟುವ ‘ಡಬ್’ ಪ್ರಕಾರದ ಅಪ್ಪಟ ಸಂಗೀತಗಾರರ ಪಟ್ಟಿ ಓದುತ್ತಿದ್ದಾಗ, ಸಭೆಯ ಧ್ವನಿ ಹೊಂದಿಸುತ್ತಿದ್ದ ಮಿಕ್ಸರಿನವನು "ನನ್ನ ಹೆಸರೆಲ್ಲಿ ಸಾರ್?" ಅಂದಿದ್ದ, ಅಷ್ಟೇ.

ತನ್ನ ತಮ್ಮ ಹಾಡಿದ ಹಾಡಿನಿಂದ ದನಿ ಕಿತ್ತು, ಬೇಸ್‌ನ ಗುಡುಗು ಎಬ್ಬಿಸಿ, ಪ್ರತಿಧ್ವನಿ ಹಚ್ಚಿ ಅದನ್ನು ಡಬ್ ಮಾಡಿದ್ದೇ ಅವನು. ಆದರೆ ಪಟ್ಟಿಯ ಮೊದಲ ಹೆಸರು ಹಾಡಿದ ತಮ್ಮನದು. ಪಕ್ಕದಲ್ಲೇ ಕೂತಿದ್ದ ಆ ತಮ್ಮ ತಲೆ ತಗ್ಗಿಸಿ ಉಗುರು ನೋಡಿಕೊಂಡ.

ಮಿಕ್ಸರಿನವನ ಮೈ ಉರಿಯಿತು. "ಹೋಗಯ್ಯಾ, ಹೋಗು!" ಅಂತ ಅಧ್ಯಕ್ಷರು ಮತ್ತೆ ಗದರಿದ್ದೇ ತಡ, ಗುಂಡಿ ತಿರುಗಿಸಿ ಆ ಮಾತನ್ನು ಪ್ರತಿಧ್ವನಿಗೆ ತಳ್ಳಿ, ಅವರ ಮೈಕಿನ ಸದ್ದು ಮುಚ್ಚಿ, ಅದರಡಿ ಬೇಸ್ ಬಿಟ್ಟ. ಹೋಗು... ಹೋಗು... ಗು... ಅಧ್ಯಕ್ಷರ ಬಾಯಿ ಬರಿದೇ ಆಡುತ್ತಿತ್ತು. ಸಭೆಯ ಕಾಲುಗಳು ತಾಳಕ್ಕೆ ಬಿದ್ದವು.

"ಅಬ್ಬಾ, ಯಾರ್ರೀ ಇದನ್ನ ನುಡಿಸ್ತಿರೋದು?" ಅಂತ ಮುಂದಿನ ಸಾಲಿನ ಅಜ್ಜಿ ಕೂಗಿದಳು. ಅವನು ಹೆಡ್‌ಫೋನ್ ಕಳಚಿ ತಮ್ಮನ ಮಡಿಲಿಗೆ ಹಾಕಿ, ಬಾಗಿಲ ಕಡೆ ನಡೆದ.